ಮಾನ್ಯರ ಗುಂಡಿ

"ಆ ಗಾಡಿ ಹೊಸ್ತಿಲು ದಾಟಿತೋ, ನಿನ್ನ ಕಾಲು ಮುರೀತೀನಿ," ಎಂದು ಫಿಲೊಮೇನಾ ಪೊರಕೆಯನ್ನು ಬಾಗಿಲಿಗೆ ಅಡ್ಡ ಹಿಡಿದಳು.

ಶವಪೆಟ್ಟಿಗೆ ಅಂಗಡಿಯ ಎಲಿಯೋ ಕಣಿವೆಯ ಕೆಳಗಿನ ಊರಿನವನು. ರಬ್ಬರು ಚಕ್ರದ ತಳ್ಳುಗಾಡಿಯ ಹಿಡಿಕೆಯನ್ನು ಬಿಡದೆ, ಒಳಗೂ ಬರದೆ, ಸುಂಕದ ಗೇಟಿನಲ್ಲಿ ಸಿಕ್ಕಿಬಿದ್ದವನ ಹಾಗೆ ನಿಂತ.

"ಒಳಗೆ ತರೋಲ್ಲ ತಾಯಿ. ಹೊರಗೆ ಇಟ್ಟಿರ್ತೀನಿ, ಬೇಕಾದ್ರೆ ಇರ್ಲಿ ಅಂತ. ಈಗ ಎಲ್ಲಾ ಊರಲ್ಲೂ ಇದೇ. ಬ್ರೇಕೂ ಇದೆ ನೋಡಿ."

"ಬ್ರೇಕು ನಿನ್ನ ಬಾಯಿಗೆ ಹಾಕಿಸ್ಕೋ. ಮೊಂತೆಸೊರ್ದೊದಲ್ಲಿ ಗಂಡಸು ಸತ್ರೆ ಗಂಡಸರ ಹೆಗಲ ಮೇಲೆ ಹೋಗ್ತಾನೆ. ಗಾಡಿ ಮೇಲೆ ಹೋಗೋದು ಗೊಬ್ಬರ."

ಒಳಕೋಣೆಯಲ್ಲಿ ಎರ್ಸೀಲಿಯಾ ಅಪ್ಪನ ಕೋಟಿನ ಗುಂಡಿ ಹಾಕುತ್ತಿದ್ದಳು. ಬೇರೆಯವರ ಸಾವಿಗೆಂದೇ ಹೊಲಿಸಿದ ಕರಿಯ ಕೋಟು ಅದು. ಸ್ವಂತ ಸಾವಿಗೂ ಒದಗಿತು. ಎಡ ಹೆಗಲಿನ ಮೇಲೆ ಬಟ್ಟೆ ಸವೆದು ಸವೆದು ಗಾಜಿನ ಹಾಗೆ ಹೊಳೆಯುತ್ತಿತ್ತು. ಊರಿನ ಪೆಟ್ಟಿಗೆಗಳೆಲ್ಲ ಅಲ್ಲಿ ಕೂತು ಎದ್ದು ಹೋಗಿದ್ದವು. ಮುಂದಿನ ಬಲಮೂಲೆ ಎಂದರೆ ಕಾನಿಯೋ ತೆಲೆಸ್ಕಾನ ಮೂಲೆ ಎಂದು ಊರೇ ಒಪ್ಪಿಕೊಂಡಿತ್ತು. ಇವತ್ತು ಆ ಮೂಲೆಗೆ ಯಾರು ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಉಳಿದ ಮೂರು ಮೂಲೆಗಳ ಪಾಡೂ ಅದೇ.

"ಹೆಗಲು ಕೊಡೋರು ನಿಮ್ಮವರೇ ಇದ್ರೆ ನನಗೇನು," ಎಂದು ಹೊರಗಿನಿಂದ ಎಲಿಯೋ ಗೊಣಗಿದ. "ಆದ್ರೆ ಮೇಲೆ, ಸ್ಮಶಾನದ ಗೇಟಿನ ಹತ್ರ ಆ ಗುಂಡಿ ಇದೆಯಲ್ಲ, ಅಲ್ಲಿ ಹುಷಾರು. ಹೋದ ಸಲ ಒಬ್ಬ ಕಾಲಿಟ್ಟು ಪೆಟ್ಟಿಗೆ ವಾಲಿ, ಹೆಣ ಒಳಗೇ ಮಗ್ಗುಲು ಬದಲಾಯಿಸ್ತು."

"ಮಾನ್ಯರ ಗುಂಡಿ ನಮಗೇನು ಹೊಸದಾ?"

ಮಾನ್ಯರ ಗುಂಡಿ ಎಂದರೆ ಗೇಟಿನ ಮುಂದೆ ಚಪ್ಪಡಿಕಲ್ಲು ಕುಸಿದ ಜಾಗ. ಪ್ರತಿ ಚುನಾವಣೆಯಲ್ಲೂ ಸನ್ಮಾನ್ಯ ಸಂಸದ ಮೊಂತೆಫಾಲ್ಕೊ ಅದನ್ನು ಮುಚ್ಚಿಸುವುದಾಗಿ ಮಾತು ಕೊಡುತ್ತಿದ್ದರು. ಗೆದ್ದಮೇಲೆ ಬಾಯಿ ಮುಚ್ಚುತ್ತಿದ್ದರು. ಮಾತು ಅವರದು, ಅದನ್ನು ಮನೆ ಮನೆಗೆ ಹೊತ್ತದ್ದು ಕಾನಿಯೋ. ಹಾಗಾಗಿ ಗುಂಡಿಯಲ್ಲಿ ಅವನಿಗೂ ಒಂದು ಪಾಲಿತ್ತು.

ಪಕ್ಕದ ಮನೆಯ ಕಾರ್ಮೆಲಾ ಕಿಟಕಿಯ ಪರದೆ ಸರಿಸಿದಳು. "ಫಿಲೊಮೇನಕ್ಕ, ಇಲ್ಲಿ ಬಾ, ನೋಡು. ಎಷ್ಟು ಜನ."

ಚೌಕದಲ್ಲಿ ಸಂತ ಅಂತೋನಿಯ ಹಬ್ಬದ ಬೆಳಿಗ್ಗೆ. ರಾತ್ರಿ ಸುಟ್ಟ ಬೆಂಕಿಯ ರಾಶಿ ಇನ್ನೂ ಹೊಗೆಯಾಡುತ್ತಿತ್ತು. ಆಶೀರ್ವಾದಕ್ಕೆ ತಂದ ಕತ್ತೆ, ಹೇಸರಗತ್ತೆ, ಕೊಂಬಿಗೆ ರಿಬ್ಬನ್ನು ಕಟ್ಟಿಸಿಕೊಂಡ ಹಸು, ಬುಟ್ಟಿಯಲ್ಲಿ ಕೋಳಿ. ಅವುಗಳ ಆಚೆ, ಕಾರಂಜಿಯ ಸುತ್ತ, ಗಂಡಸರು. ಕೋಟಿನ ಜೇಬಿಗೆ ಕೈ ಇಳಿಬಿಟ್ಟುಕೊಂಡ ಗಂಡಸರು, ಕಣಿವೆಯ ಹಳ್ಳಿಗಳಿಂದಲೂ ಬಂದವರು.

"ನಿಮ್ಮಪ್ಪನಿಗೆ," ಎಂದಳು ಫಿಲೊಮೇನಾ. ಪೊರಕೆ ಕೆಳಗಿಳಿಯಿತು. "ನೋಡು ಎರ್ಸೀಲಿಯಾ. ಯಾರೂ ಬರಲ್ಲ ಅಂತ ನಿನ್ನೆ ಅತ್ತೆಯಲ್ಲ. ಊರೆಲ್ಲಾ ಬಂದಿದೆ ನಿಮ್ಮಪ್ಪನಿಗೆ."

"ಮಾನ್ಯರೂ ಬರ್ತಾರಂತಲ್ಲ," ಎಂದಳು ಕಾರ್ಮೆಲಾ. "ನಿನ್ನೆ ಸಂಜೆ ನಿಕೋಲನ ಬಾರಿಗೆ ಖುದ್ದು ಫೋನು ಮಾಡಿದ್ರಂತೆ. ನನ್ನ ಕಾನಿಯೋನ ಕೊನೆ ದರ್ಶನಕ್ಕೆ ಬರ್ತೀನಿ ಅಂತ. ಅದೇ ದನಿ, ಅದೇ ಕೆಮ್ಮಂತೆ."

ಫಿಲೊಮೇನಾ ಪರದೆ ಬಿಟ್ಟು ಮಗಳ ಕಡೆ ತಿರುಗಿದಳು. ಎರ್ಸೀಲಿಯಾ ತಲೆ ಬಗ್ಗಿಸಿ ಮೇಲಿನ ಗುಂಡಿಯನ್ನು ಇನ್ನೊಮ್ಮೆ ಬಿಚ್ಚಿ ಇನ್ನೊಮ್ಮೆ ಹಾಕಿದಳು. ಅವಳು ನಾಲ್ಕು ಹೆಗಲು ಬೇಡಿದ್ದಳು. ಇಷ್ಟು ಜನರನ್ನಲ್ಲ.

* * *

ಕಾನಿಯೋ ಅರಣ್ಯ ಕಚೇರಿಯಲ್ಲಿ ಜವಾನ. ಆ ಕಚೇರಿಯಲ್ಲಿ ಅವನನ್ನು ಕಂಡವರು ಕಾಡಿನಲ್ಲಿ ತೋಳ ಕಂಡವರಿಗಿಂತ ಕಡಿಮೆ. ಅವನ ಅಸಲು ಕೆಲಸ ಸಾವು. ಕ್ಷೇತ್ರದ ಯಾವ ಮನೆಯಲ್ಲಿ ಯಾರೇ ಕಣ್ಣು ಮುಚ್ಚಲಿ, ಮಾನ್ಯರ ಹೆಸರಿನ ಹೂಚಕ್ರ ಹಿಡಿದು ಕಾನಿಯೋ ಹಾಜರು. ಮಾನ್ಯರು ರೋಮಿನಲ್ಲಿ ದೇಶಕ್ಕಾಗಿ ದುಡಿಯುತ್ತಿದ್ದಾರೆ, ಬರಲಾಗಲಿಲ್ಲ, ನನ್ನ ಹೆಗಲನ್ನೇ ಅವರ ಹೆಗಲು ಅಂದುಕೊಳ್ಳಿ ಎಂದು ಪೆಟ್ಟಿಗೆಗೆ ಭುಜ ಕೊಡುವನು. ಸತ್ತವರ ಮನೆಯವರು ಮುಂದಿನ ಚುನಾವಣೆಯಲ್ಲಿ ಬದುಕಿರುತ್ತಾರಲ್ಲ.

ಸತ್ತವರ ಮನೆಗೆ ಮಾನ್ಯರ ದನಿಯಲ್ಲಿ ಫೋನು ಮಾಡುವ ಕೆಲಸ ಹೇಗೆ ಶುರುವಾಯಿತೆಂದು ಎರ್ಸೀಲಿಯಾಗೆ ಗೊತ್ತಿಲ್ಲ. ಅವಳು ಕಣ್ಣುಬಿಡುವ ಹೊತ್ತಿಗೆ ಅದು ಮನೆಯ ಪದ್ಧತಿಯಾಗಿತ್ತು. ಅಪ್ಪ ಪಡಸಾಲೆಯ ಫೋನಿನ ಮುಂದೆ ನಿಲ್ಲುವನು. ಕಾಲರು ಸಡಿಲಿಸುವನು. ಹೊಟ್ಟೆ ಮುಂದೆ ತಂದು, ಗದ್ದ ಒಳಕ್ಕೆಳೆದು, ಎರಡು ಸಣ್ಣ ಕೆಮ್ಮು ಕೆಮ್ಮಿದನೆಂದರೆ ಬಡಕಲು ಕಾನಿಯೋ ಮಾಯವಾಗಿ, ಅಲ್ಲಿ ಶೀತದ ಮೂಗಿನ, ತುಪ್ಪದ ಗಂಟಲಿನ ಸಂಸದರು ನಿಂತಿರುತ್ತಿದ್ದರು. "ಖ್ಹು, ಖ್ಹು. ನಾನು ಕಣಪ್ಪಾ. ಸುದ್ದಿ ಕೇಳಿ ಊಟ ಬಿಟ್ಟು ಎದ್ದೆ."

ಆಮೇಲೆ ಸತ್ತವರ ಬಗ್ಗೆ ಮಾತು. ಅದು ಮಾತ್ರ ಮಾನ್ಯರದಲ್ಲ, ಕಾನಿಯೋನದೇ. ತೆಯೊದೋರೋನ ತಾಯಿ ತೀರಿಕೊಂಡಾಗ ಅವನು ಅಂದದ್ದು ಎರ್ಸೀಲಿಯಾಗೆ ಇಂದಿಗೂ ಕಿವಿಯಲ್ಲಿದೆ: "ನಿಮ್ಮಮ್ಮ ನನಗೆ ಒಣಮೆಣಸು ಹಾಕಿ ಮೊಟ್ಟೆ ಹುರಿದು ಕೊಟ್ಟಿದ್ಲು ಕಣಪ್ಪಾ, ಒಲೆ ಮುಂದೆ ಕೂರಿಸಿ. ತಟ್ಟೆ ಖಾಲಿ ಆಗೋ ತನಕ ತಾನು ಕೂರಲಿಲ್ಲ." ಮಾನ್ಯರು ಆ ಮನೆಯ ಮೆಟ್ಟಿಲು ಹತ್ತಿದವರೇ ಅಲ್ಲ. ಹತ್ತಿದರೂ ಮೆಣಸು ತಿನ್ನುವವರಲ್ಲ, ಹೊಟ್ಟೆ ಹುಣ್ಣು.

ಮಾನ್ಯರಿಗೆ ಇದು ತಿಳಿದದ್ದು ಯಾರೋ ವಿಧವೆ ಕೈಹಿಡಿದು ಕೃತಜ್ಞತೆ ಹೇಳಿದಾಗ. ಬೈಯಲಿಲ್ಲ. ಊರಿಗೆ ಬಂದಾಗಲೆಲ್ಲ ಕಾರಿನಿಂದ ಇಳಿಯುತ್ತಲೇ ಕೇಳುವರು: "ಏನಯ್ಯಾ ಕಾನಿಯೋ, ಈ ತಿಂಗಳು ನಾನು ಯಾರ ಸಾವಿಗೆ ಅತ್ತೆ? ಚೆನ್ನಾಗಿ ಅತ್ತೆನಾ?"

ಎರ್ಸೀಲಿಯಾಳದು ಚಿಕ್ಕಂದಿನಿಂದಲೂ ಗಂಡುಗಂಟಲು. ಫೋನೆತ್ತಿದರೆ ಎಲ್ಲರೂ ಅವಳನ್ನು "ಏನಪ್ಪಾ" ಅನ್ನುವರು. ಅಡುಗೆಮನೆಯಲ್ಲಿ ಅಪ್ಪ ಅವಳಿಂದ ಮಾನ್ಯರನ್ನು ಆಡಿಸಿ, ಹೊಟ್ಟೆ ಹಿಡಿದು ನಗುವನು. ಒಂದು ಚಳಿಗಾಲ ಅವನಿಗೆ ಜ್ವರ ಬಂದು ದನಿ ಕೂತಿತು; ಅದೇ ದಿನ ಗಿರಣಿಯವನ ಹೆಂಡತಿ ಸತ್ತಳು. ಅವನು ಹಾಸಿಗೆಯಿಂದಲೇ ಕೈಸನ್ನೆ ಮಾಡಿದ. ಎರ್ಸೀಲಿಯಾ ಗದ್ದ ಒಳಕ್ಕೆಳೆದು ಫೋನು ಮಾಡಿದಳು. ಗಿರಣಿಯವನು ಅಳುತ್ತಾ, ದೇವರು ನಿಮ್ಮನ್ನು ನೂರು ವರ್ಷ ಇಡಲಿ ಸ್ವಾಮಿ ಎಂದ.

ಅವಳು ಬೆವರಿ ಒಳಗೆ ಬಂದರೆ ಕಾನಿಯೋ ಕಂಬಳಿಯೊಳಗಿಂದ ಪಿಸುಗುಟ್ಟಿದ: "ಎಲ್ಲಾ ಸರಿ. ಕೆಮ್ಮು ಸ್ವಲ್ಪ ಉದ್ದ ಆಯ್ತು. ಮಾನ್ಯರಿಗೆ ಅಷ್ಟೊಂದು ದುಃಖ ಆಗಲ್ಲ."

* * *

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಬಾರಿನ ನಿಕೋಲ ಕಾಫಿಯ ಫ್ಲಾಸ್ಕು, ಸಿಹಿ ಬ್ರೆಡ್ಡು ಹಿಡಿದು ಹಿಂದಿನ ಬಾಗಿಲಿನಿಂದ ಬಂದ. ಅಮ್ಮನಿಗೆ ಕಪ್ಪು ಕೊಟ್ಟು, ಕಾರ್ಮೆಲಾಗೆ ಕಪ್ಪು ಕೊಟ್ಟು, ಎರ್ಸೀಲಿಯಾಳ ಕಪ್ಪು ಮಾತ್ರ ಕೈಯಲ್ಲಿ ಹಿಡಿದುಕೊಂಡು ಪಡಸಾಲೆಗೆ ನಡೆದ. ಅವಳು ಹಿಂದೆ ಹೋಗಬೇಕಾಯಿತು. ಫೋನಿನ ಪಕ್ಕದಲ್ಲಿ ಟೀವಿಗೆ ಕರಿಬಟ್ಟೆ ಹೊದಿಸಿತ್ತು.

"ಕೆಮ್ಮು ಸ್ವಲ್ಪ ಉದ್ದ ಆಯ್ತು ಮಗಳೇ," ಎಂದ ನಿಕೋಲ.

ಎರ್ಸೀಲಿಯಾ ಗೋಡೆಗೆ ಕೈ ಊರಿದಳು.

"ಮೊದಲು ನನ್ನ ಜೀವ ಹೋದಷ್ಟಾಯ್ತು. ಕಾನಿಯೋ ಇಲ್ಲಿ ಮಲಗಿದ್ದಾನೆ, ಫೋನಲ್ಲಿ ಮಾತಾಡ್ತಿದ್ದಾನೆ. ಆಮೇಲೆ ಕೆಮ್ಮು ಎಳೀತಲ್ಲ, ಆಗ ಅಂದ್ಕೊಂಡೆ, ಓ, ಇದು ಹುಡುಗಿ."

"ನಿಮಗೆ ಗೊತ್ತಿತ್ತಾ? ಅಪ್ಪ ಫೋನು ಮಾಡ್ತಿದ್ದದ್ದು?"

"ನಮ್ಮಪ್ಪ ಸತ್ತ ದಿನ ಮಾನ್ಯರು ಫೋನಲ್ಲಿ ಗೊಳೋ ಅಂತ ಅತ್ರು. ಅದೇ ಹೊತ್ತಿಗೆ ನನ್ನ ಬಾರಿನ ಟೀವಿಯಲ್ಲಿ ರಿಬ್ಬನ್ ಕತ್ತರಿಸ್ತಾ ಹಲ್ಲು ಕಿರೀತಿದ್ರು. ಗೊತ್ತಾಗದೇ ಇರೋಕೆ ನಾವೇನು ದನಗಳಾ? ದನಗಳು ಹೊರಗೆ ಆಶೀರ್ವಾದಕ್ಕೆ ನಿಂತಿವೆ. ಊರಿಗೆಲ್ಲಾ ಗೊತ್ತು."

"ಮತ್ತೆ ಯಾರೂ ಯಾಕೆ ಹೇಳಲಿಲ್ಲ?"

"ಹೇಳಿ ಏನು ಮಾಡೋದು? ನಮ್ಮ ಸಾವಿಗೆ ಯಾರೋ ಒಬ್ಬ ದೊಡ್ಡವರ ದನಿಯಲ್ಲಿ ಅಳ್ತಿದ್ದ. ಬೇಡ ಅನ್ನೋಕಾಗ್ತದಾ?" ನಿಕೋಲ ಕಪ್ಪನ್ನು ಕೊನೆಗೂ ಅವಳ ಕೈಗಿಟ್ಟ. "ನಾನೂ ಊರಿಗೆಲ್ಲಾ ಡಂಗುರ ಹೊಡೆದೆ, ಮಾನ್ಯರು ಬರ್ತಾರೆ ಅಂತ. ಯಾಕೋ ಏನೋ, ನಾಲ್ಕು ಜನ ಬರಲಿ ಅಂತ. ಎಲ್ಲಾ ನಂಬಿದ್ರು. ಕಾನಿಯೋ ಸತ್ತಿದ್ದಾನೆ ಅಂದ್ಮೇಲೆ ಫೋನು ಮಾಡಿದ್ದು ನಿಜವಾದವರೇ ಇರಬೇಕಲ್ಲ. ಆದ್ರೆ ನಿನ್ನೆ ಟೀವಿ ನೋಡಿದ್ಯಾ ನೀನು?"

ಅವಳು ಕರಿಬಟ್ಟೆ ಕಡೆ ನೋಡಿದಳು.

"ಅದೇ ಅಂದ್ಕೊಂಡೆ. ನಿನ್ನ ಫೋನು ಬಂದಾಗ ಬಾರಲ್ಲಿ ಎಲ್ಲಾ ಟೀವಿ ಮುಂದೆ ಕೂತಿದ್ರು. ಸಂಸತ್ತು ಸತ್ತುಹೋಯ್ತು ಮಗಳೇ. ವಿಸರ್ಜನೆ. ಎರಡು ವರ್ಷ ಕೂಡ ಬಾಳಲಿಲ್ಲ. ಕೂತವರಲ್ಲಿ ಯಾರಿಗೆ ಲಂಚದ ಕೇಸಿನ ನೋಟಿಸು ಬಂದಿಲ್ಲ ಅಂತ ಹುಡುಕಬೇಕು. ನಾಳೆ ಪಾರ್ಟಿ ಹೆಸರೂ ಬದಲಾಗ್ತದಂತೆ. ನಿನ್ನೆ ತನಕ ಮಾನ್ಯರು ಅಂದ್ರೆ ನಾಳೆ ಏನಾದ್ರೂ ಕೆಲಸಕ್ಕೆ ಬರಬಹುದು ಅನ್ನೋ ಹೆದರಿಕೆ ಇತ್ತು. ಈಗ ಅದೂ ಇಲ್ಲ." ಅವನು ದನಿ ತಗ್ಗಿಸಿದ. "ಹೋದ ವರ್ಷ ರೋಮಲ್ಲಿ ಒಬ್ಬ ದೊಡ್ಡ ನಾಯಕನ ಮೇಲೆ ಜನ ಚಿಲ್ಲರೆ ಎಸೆದ್ರಲ್ಲ, ತಗೋ ಇದನ್ನೂ ನುಂಗು ಅಂತ. ಇವತ್ತು ಬೆಳಿಗ್ಗೆ ನನ್ನ ಗಲ್ಲಾದಲ್ಲಿ ಒಂದು ಬಿಡಿಕಾಸು ಉಳಿದಿಲ್ಲ. ಎಲ್ಲರೂ ನೋಟು ಕೊಟ್ಟು ಚಿಲ್ಲರೆ ತಗೊಂಡು ಹೋದ್ರು."

ಕಿಟಕಿಯಾಚೆ ಆ ಗಂಡಸರ ಕೈಗಳೆಲ್ಲ ಜೇಬಿನಲ್ಲಿ ಯಾಕಿದ್ದವೆಂದು ಎರ್ಸೀಲಿಯಾಗೆ ಈಗ ತಿಳಿಯಿತು. ಚಳಿಗೆ ಅಂದುಕೊಂಡಿದ್ದಳು.

"ಬರ್ತಾರಾ ಅವರು?" ಎಂದ ನಿಕೋಲ.

"ಶನಿವಾರವೇ ಅವರ ಮನೆಗೆ ಫೋನು ಮಾಡಿದ್ದೆ. ಕೆಲಸದವಳು ಎತ್ತಿ, ಸಾಹೇಬರಿಗೆ ಹುಷಾರಿಲ್ಲ ಅಂತ ಇಟ್ಟುಬಿಟ್ಟಳು. ಒಂದು ಹೂವೂ ಬಂದಿಲ್ಲ."

"ಹಾಗಾದ್ರೆ ನಿಮ್ಮಮ್ಮನಿಗೆ ಹೇಳಬೇಡ. ಅವಳು ಬೆಳಿಗ್ಗೆಯಿಂದ ಜನ ಎಣಿಸ್ತಿದ್ದಾಳೆ."

* * *

ಹೆಗಲ ಚಿಂತೆ ಶುರುವಾದದ್ದು ಹಿಂದಿನ ಶರತ್ಕಾಲದಲ್ಲಿ. ಮಾನ್ಯರಿಗೆ ನೋಟಿಸು ಬಂದು, ಪೇಟೆಯ ನ್ಯಾಯಾಧೀಶರು ಯಾರಿಗೆ ಯಾವ ಕೆಲಸ ಯಾರಿಂದ ಸಿಕ್ಕಿತೆಂದು ಕೆದಕತೊಡಗಿದ್ದರು. ಕಾನಿಯೋ ಆಗಲೂ ಫೋನು ಮಾಡುತ್ತಿದ್ದ. ಮಾನ್ಯರಿಗಾಗಿ ಅಲ್ಲ; ಸತ್ತವರು ಸುಮ್ಮನೆ ಹೋಗಬಾರದಲ್ಲ ಎಂದು. ಗಿರಣಿಯವನು ಸತ್ತಾಗ ಕರಿಕೋಟು ಹಾಕಿ ಹೋದ. ಮುಂದಿನ ಬಲಮೂಲೆಗೆ ಭುಜ ಒಡ್ಡಿದ. ಗಿರಣಿಯವನ ಹಿರಿಮಗ ಅವನ ಕೈಯನ್ನು ಪೆಟ್ಟಿಗೆಯಿಂದ ಮೆಲ್ಲಗೆ ಬಿಡಿಸಿದ, ಹಸುಗೂಸಿನ ಕೈಯಿಂದ ಚಾಕು ಬಿಡಿಸುವ ಹಾಗೆ. "ಬೇಡ ಕಾನಿಯೋ ಮಾವ. ಯಾರಾದ್ರೂ ನೋಡ್ತಾರೆ. ನಾವೇ ಸಾಕು."

ಅವನು ಮನೆಗೆ ಬಂದು ಕೋಟನ್ನು ಗೂಟಕ್ಕೆ ಹಾಕಿದ. ಮತ್ತೆ ತೆಗೆಯಲಿಲ್ಲ. ಹೊರಗೂ ಹೋಗಲಿಲ್ಲ. ಮೊನ್ನೆ ಶನಿವಾರ ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದವನು ಹಾಗೇ ಮಗುಚಿದ. ಎಲ್ಲಿಗೆ ಹೊರಟಿದ್ದನೋ ಗೊತ್ತಾಗಲಿಲ್ಲ.

ಭಾನುವಾರ ಎರ್ಸೀಲಿಯಾ ಬಾಗಿಲಿಂದ ಬಾಗಿಲಿಗೆ ಹೋಗಿ ಹೆಗಲು ಕೇಳಿದಳು. ಊರಿಗೆ ರಾತ್ರೋರಾತ್ರಿ ಬೇನೆಗಳ ಪಿಡುಗು ಬಂದಿತ್ತು. ಅಂಚೆಯ ಲೂಚೋನಿಗೆ ಸೊಂಟ. ಆಸ್ಪತ್ರೆಯ ಬಾಗಿಲು ಕಾಯುವ ಸವಿನೋಗೆ ಎದೆ. ಅರಣ್ಯದ ಕಾವಲುಗಾರನಿಗೆ ಸೋಮವಾರ ಪಾಳಿ, ಕಾಡು ಓಡಿಹೋಗುವುದೆಂಬಂತೆ. ಇವರೆಲ್ಲರ ನೌಕರಿಯ ಅರ್ಜಿ ಹಿಡಿದು ಕಾನಿಯೋ ಕಚೇರಿಗಳ ಬೆಂಚು ಸವೆಸಿದ್ದ.

ಕೊನೆಗೆ ತೆಯೊದೋರೋ. ಅವನಿಗೆ ಕುರುಡರ ಪಿಂಚಣಿ ಕೊಡಿಸಿದ್ದೂ ಕಾನಿಯೋನೇ. ತೆಯೊದೋರೋ ದಿನಕ್ಕೊಮ್ಮೆ ಕರಿಕನ್ನಡಕ ಹಾಕಿ, ಬಿಳಿಕೋಲು ಹಿಡಿದು, ಚೌಕ ಸುತ್ತಿ, ಮನೆಗೆ ಹೋಗಿ ಪತ್ರಿಕೆ ಓದುವನು. ಇಪ್ಪತ್ತು ಹೆಜ್ಜೆ ದೂರದಿಂದ ಇಸ್ಪೀಟಿನ ಎಲೆ ಗುರುತು ಹಿಡಿಯುವ ಕಣ್ಣು.

"ಯಾರು, ಎರ್ಸೀಲಿಯಾನಾ?" ಎಂದ ಬಾಗಿಲು ತೆರೆದು, ಅವಳ ಕೆಸರಾದ ಶೂ ನೋಡುತ್ತಾ. "ದನಿ ಕೇಳಿ ಗೊತ್ತಾಯ್ತು."

"ನಾನಿನ್ನೂ ಮಾತೇ ಆಡಿಲ್ಲ."

"ಹಾಂ. ಹೆಜ್ಜೆ ಸದ್ದು." ಅವನು ಕನ್ನಡಕ ಸರಿಮಾಡಿಕೊಂಡ. "ನೋಡು ಮಗಳೇ, ಬರಬೇಕು ಅಂತ ಜೀವ ಎಳೀತದೆ. ಆದ್ರೆ ಠಾಣೆಯ ಹೊಸ ದಫೇದಾರ ನನ್ನ ಹಿಂದೇ ಬಿದ್ದಿದ್ದಾನೆ. ಕುತ್ತಿಗೆಗೆ ಕ್ಯಾಮೆರಾ ನೇತುಹಾಕ್ಕೊಂಡು ತಿರುಗ್ತಾನೆ. ಕುರುಡ ಹೆಣ ಹೊತ್ತು ಬೆಟ್ಟ ಹತ್ತಿದ್ರೆ ಏನಂತಾನೆ? ಪಿಂಚಣಿ ಹೋಗ್ಲಿ, ಒಳಗೆ ಹಾಕ್ತಾನೆ. ಇದನ್ನ ಕೊಡಿಸಿದೋನು ಕಾನಿಯೋ. ಅವನ ಹೆಣಕ್ಕೋಸ್ಕರ ಕಳಕೊಂಡ್ರೆ ಅವನ ಆತ್ಮಕ್ಕೇ ಬೇಜಾರಾಗ್ತದೆ."

ಅವಳು ಮೆಟ್ಟಿಲು ಇಳಿದು ಹೋಗುವಾಗ ಹಿಂದಿನಿಂದ, "ಎಡಗಡೆ ಹಿಮ ಗಟ್ಟಿಯಾಗಿದೆ, ಜಾರೀಯ," ಎಂದ.

ಮನೆಗೆ ಬಂದಳು. ಅಮ್ಮ ಒಳಗೆ ಜಪಮಣಿ ಎಣಿಸುತ್ತಿದ್ದಳು. ಎಲಿಯೋನ ಗಾಡಿ ಕಣ್ಣಮುಂದೆ ಬಂತು. ಊರು ಒಂದೇ ಒಂದು ದನಿಗೆ ಎದ್ದು ನಿಲ್ಲುತ್ತಿದ್ದುದು ಅವಳಿಗೆ ಗೊತ್ತಿತ್ತು. ಫೋನೆತ್ತಿ, ಗದ್ದ ಒಳಕ್ಕೆಳೆದುಕೊಂಡಳು.

* * *

ಪಾದ್ರಿ ದೊನ್ ಸವೇರಿಯೋ ಕತ್ತೆಗಳ ಆಶೀರ್ವಾದ ಮುಗಿಸಿ ಅದೇ ಉಸಿರಿನಲ್ಲಿ ಪೂಜೆಗೆ ಬಂದಿದ್ದರು. ಅಂಗಿಯ ಅಂಚಿಗೆ ಹುಲ್ಲು ಮೆತ್ತಿತ್ತು. ಚರ್ಚಿನೊಳಗೆ ಹೆಂಗಸರು, ನಿಕೋಲ, ಪೆಟ್ಟಿಗೆಯನ್ನು ಒಳಗೆ ತಂದಿಟ್ಟ ಎಲಿಯೋನ ಇಬ್ಬರು ಆಳುಗಳು. ಗಂಡಸರೆಲ್ಲ ಹೊರಗೆ. ಅವರು ಯಾವಾಗಲೂ ಹೊರಗೇ ನಿಲ್ಲುವವರು. ಆದರೆ ಇವತ್ತು ಅವರ ಕಡೆಯಿಂದ ತಂಬಾಕಿನ ಕೆಮ್ಮಿನ ಬದಲು ಜೇಬಿನ ಸದ್ದು ಬರುತ್ತಿತ್ತು, ಕುರಿಮಂದೆ ದೂರದಲ್ಲಿ ಗಂಟೆ ಆಡಿಸಿದ ಹಾಗೆ.

"ಏನದು ಸದ್ದು?" ಎಂದಳು ಫಿಲೊಮೇನಾ ಮಗಳ ಕಿವಿಯಲ್ಲಿ.

"ಜಪಮಣಿ," ಎಂದಳು ಎರ್ಸೀಲಿಯಾ.

ಪೂಜೆ ಮುಗಿದು ಬಾಗಿಲು ತೆರೆಯಿತು. ಎಲಿಯೋನ ಆಳುಗಳು ಪೆಟ್ಟಿಗೆಯನ್ನು ಮೆಟ್ಟಿಲ ತುದಿಯಲ್ಲಿ ಮರದ ಸ್ಟ್ಯಾಂಡಿನ ಮೇಲೆ ಇಳಿಸಿ ಹಿಂದೆ ಸರಿದರು. ಅಲ್ಲಿಂದ ಮುಂದಕ್ಕೆ ಊರಿನ ಪಾಲು. ಚೌಕ ತುಂಬಿತ್ತು. ಎಲ್ಲರ ಕಣ್ಣೂ ಪೆಟ್ಟಿಗೆಯನ್ನು ದಾಟಿ ಕತ್ತಲ ಬಾಗಿಲೊಳಗೆ, ಆಮೇಲೆ ಕಣಿವೆಯ ರಸ್ತೆಗೆ.

"ಎಲ್ಲಯ್ಯಾ ಅವನು?" ಎಂದ ಯಾರೋ.

"ದಾರೀಲಿ ಇನ್ನೊಂದು ಪಾರ್ಟಿ ಸಿಕ್ಕಿರಬೇಕು, ಸೇರ್ಕೊಂಡಿರ್ತಾನೆ."

"ಪೆಟ್ಟಿಗೆ ಒಳಗೆ ನೋಡಿ. ಫೋನಲ್ಲಿ ಯಾವಾಗ್ಲೂ ಅಲ್ಲಿಂದ್ಲೇ ಮಾತಾಡ್ತಿದ್ದ."

ನಗು ಎದ್ದಿತು. ದೊಡ್ಡ ನಗುವಲ್ಲ, ಚಳಿಯಲ್ಲಿ ಬಹಳ ಹೊತ್ತು ನಿಂತು ಮೋಸ ಹೋದವರ ನಗು. ಅದು ಇಳಿಯುವ ಮೊದಲೇ ಒಂದು ನಾಣ್ಯ ಹಾರಿಬಂದು ಪೆಟ್ಟಿಗೆಯ ಮುಚ್ಚಳಕ್ಕೆ ಟಣ್ ಎಂದು ಬಡಿದು, ಮೆಟ್ಟಿಲು ಮೆಟ್ಟಿಲಾಗಿ ಉರುಳಿ, ಫಿಲೊಮೇನಾಳ ಶೂ ಹತ್ತಿರ ಮಲಗಿತು.

ಕತ್ತೆಯೊಂದು ಸೀನಿತು.

ಫಿಲೊಮೇನಾ ನಾಣ್ಯ ನೋಡಿದಳು. ಗಂಡಸರ ಜೇಬುಗಳನ್ನು ಒಂದೊಂದಾಗಿ ನೋಡಿದಳು. ಬೆಳಿಗ್ಗೆಯಿಂದ ಎಣಿಸಿದ ಜನ ಅವಳ ಮುಖದಿಂದ ಒಬ್ಬೊಬ್ಬರಾಗಿ ಇಳಿದುಹೋದದ್ದನ್ನು ಎರ್ಸೀಲಿಯಾ ಕಂಡಳು.

ಎಲಿಯೋ ಗಂಟಲು ಸರಿಮಾಡಿಕೊಂಡು ಗಾಡಿ ತಳ್ಳಿಕೊಂಡು ಬಂದ. "ಅಮ್ಮಾ, ಹೊತ್ತಾಗ್ತಿದೆ. ಎಷ್ಟೂಂತ ಇಲ್ಲೇ..."

ಫಿಲೊಮೇನಾ ಮೆಟ್ಟಿಲು ಇಳಿದು, ಕರಿಲಂಗ ಒಟ್ಟು ಮಾಡಿಕೊಂಡು, ಗಾಡಿಯ ಮೇಲೆ ಕೂತುಬಿಟ್ಟಳು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ. "ಇದರ ಮೇಲೆ ಜಾಗ ಇಲ್ಲ," ಎಂದಳು. "ನಾನಿದ್ದೀನಿ."

ಯಾರೂ ಅಲುಗಲಿಲ್ಲ. ಕಾರಂಜಿಯ ಪಕ್ಕ ಉತ್ತರದ ಸೀಮೆಯಿಂದ ಬಂದ ಆ ಹೊಸ ದಫೇದಾರ ನಿಂತಿದ್ದ, ಕ್ಯಾಮೆರಾ ಎದೆಯ ಮೇಲೆ. ಹಬ್ಬದ ಫೋಟೋ ತೆಗೆಯಲು ಬಂದೆ ಎಂದು ಬೆಳಿಗ್ಗೆ ಎಲ್ಲರಿಗೂ ಹೇಳಿದ್ದನಂತೆ.

ಎರ್ಸೀಲಿಯಾ ಅಪ್ಪನ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಕಾಲರು ಸಡಿಲಿಸಿದಳು. ಗದ್ದ ಒಳಕ್ಕೆ ಹೋಯಿತು.

"ಖ್ಹು, ಖ್ಹು. ನಾನು ಕಣಪ್ಪಾ."

ಮುಂದಿನ ಸಾಲಿನಲ್ಲಿದ್ದ ಲೂಚೋ ಟೋಪಿ ತೆಗೆದೇಬಿಟ್ಟ. ಅಷ್ಟು ವರ್ಷದ ಅಭ್ಯಾಸ.

"ಲೂಚೋ, ನಿಮ್ಮಪ್ಪ ಸತ್ತ ದಿನ ಊಟ ಬಿಟ್ಟು ಎದ್ದೆ. ಅವನ ಹಾಗೆ ದ್ರಾಕ್ಷಿ ಬಳ್ಳಿ ಕಟ್ಟೋರು ಇನ್ನಿಲ್ಲ ಕಣಪ್ಪಾ, ಗಂಟು ಹಾಕೋವಾಗ ಬಳ್ಳಿ ಹತ್ರ ಮಾತಾಡ್ತಿದ್ದ. ಸವಿನೋ, ನಿನ್ನ ಕೂಸು ಹೋದಾಗ ನನಗೆ ಮಾತೇ ಹೊರಡಲಿಲ್ಲ, ಇಬ್ಬರೂ ಸುಮ್ಮನೆ ಫೋನು ಹಿಡ್ಕೊಂಡು ಕೂತಿದ್ವಿ. ತೆಯೊದೋರೋ. ನಿಮ್ಮಮ್ಮ ನನಗೆ ಒಣಮೆಣಸು ಹಾಕಿ ಮೊಟ್ಟೆ ಹುರಿದು ಕೊಟ್ಟಿದ್ಲು, ಒಲೆ ಮುಂದೆ ಕೂರಿಸಿ. ತಟ್ಟೆ ಖಾಲಿ ಆಗೋ ತನಕ ತಾನು ಕೂರಲಿಲ್ಲ."

ದನಿ ಒಡೆಯಿತು. ಶೀತದ ಮೂಗು, ತುಪ್ಪದ ಗಂಟಲು ಎಲ್ಲಾ ಕಳಚಿ ಬಿದ್ದು, ಉಳಿದದ್ದು ಅವಳ ಒರಟು ಗಂಟಲು. ಅದೂ ಅಲ್ಲಿಗೆ ನಿಂತಿತು.

ಲೂಚೋ ಟೋಪಿ ಹಾಕಿಕೊಂಡು ಗುಂಪಿನೊಳಗೆ ಸರಿದ. ಸವಿನೋ ಕಾರಂಜಿಯ ನೀರು ನೋಡುತ್ತಿದ್ದ. ಹಿಂದಿನ ಸಾಲಿನವರು ಮೆಲ್ಲಗೆ ಕರಗತೊಡಗಿದರು. ಹಸುವೊಂದನ್ನು ಯಾರೋ ಮನೆಗೆ ಹೊಡೆದುಕೊಂಡು ಹೋದರು.

ಆಗ ಕೋಲಿನ ಸದ್ದು ಕೇಳಿತು. ಟಕ್, ಟಕ್. ತೆಯೊದೋರೋ ಕರಿಕನ್ನಡಕದ ಮುಖವನ್ನು ಆಕಾಶಕ್ಕೆತ್ತಿಕೊಂಡು, ಎದುರಿಗಿದ್ದ ಕತ್ತೆಯನ್ನು ಬೇಕೆಂದೇ ಒಮ್ಮೆ ಡಿಕ್ಕಿ ಹೊಡೆದು, "ಕ್ಷಮಿಸಪ್ಪಾ" ಎಂದು ಅದಕ್ಕೆ ಹೇಳಿ, ಮೆಟ್ಟಿಲುಗಳನ್ನು ತಡವಿ ತಡವಿ ಹತ್ತಿ ಬಂದ.

"ಮುಂದಿನ ಬಲಮೂಲೆ ಎಲ್ಲಿ ಬರ್ತದೆ?" ಎಂದ. "ನನಗೆ ಕಾಣಲ್ಲ."

ಹಿಂದಿನ ಎರಡು ಮೂಲೆಗೆ ಎಲಿಯೋನ ಆಳುಗಳನ್ನು ನಿಕೋಲ ತಳ್ಳಿದ. ತಾನೇ ಹೊರೋಣವೆಂದರೆ ಅವನದು ಹೋದ ವರ್ಷ ಮುರಿದ ಕೈ, ಇನ್ನೂ ಮೇಲೆತ್ತಲು ಬಾರದು. ಮುಂದಿನ ಎಡಮೂಲೆಗೆ ಯಾರೂ ಬರಲಿಲ್ಲ. ಎರ್ಸೀಲಿಯಾ ತಲೆಯ ಬಟ್ಟೆ ಬಿಚ್ಚಿ, ಮಡಚಿ, ಬಲ ಹೆಗಲ ಮೇಲಿಟ್ಟುಕೊಂಡಳು.

"ಹೆಂಗಸು ಹೊರೋದಾ?" ಎಂದ ಎಲಿಯೋ.

"ಗಂಡಸು ಕಂಡ್ರೆ ಹೇಳು," ಎಂದಳು ಫಿಲೊಮೇನಾ ಗಾಡಿಯಿಂದ ಏಳುತ್ತಾ.

* * *

ಸ್ಮ‍ಶಾನದ ಏರು ಕಡಿದಾಗಿತ್ತು. ಹಿಂದೆ ಅಮ್ಮ, ಪಾದ್ರಿ, ನಿಕೋಲ, ಕಾರ್ಮೆಲಾ. ಅವರ ಹಿಂದೆ ಖಾಲಿ ಗಾಡಿ ತಳ್ಳಿಕೊಂಡು ಎಲಿಯೋ. ಅಷ್ಟೇ. ಕೆಳಗೆ ಚೌಕದಲ್ಲಿ ಯಾರದೋ ನಗು, ಯಾರದೋ ಕತ್ತೆ.

ತೆಯೊದೋರೋ ಬಲಗೈಯ ಕೋಲಿನಿಂದ ಕಲ್ಲು ಕಲ್ಲನ್ನೂ ಕುಟ್ಟುತ್ತಾ ನಡೆದ. ಪಾತ್ರ ಬಿಡಲಿಲ್ಲ.

"ಕಣ್ಣು ನಿಜವಾಗ್ಲೂ ಮುಚ್ಕೊಂಡಿದೀನಿ," ಎಂದ ಪೆಟ್ಟಿಗೆಯ ಆಚೆಯಿಂದ, ಏದುಸಿರಿನಲ್ಲಿ. "ತೆರೆದಿದ್ರೆ ಕಾಲು ತಾನಾಗೇ ಸರಿಯಾದ ಕಡೆ ಹೋಗ್ತದೆ. ಆ ಮಗ ಹದ್ದಿನ ಹಾಗೆ ನೋಡ್ತಾನೆ. ಎಲ್ಲಿದ್ದಾನೆ?"

"ಕಾಣ್ತಿಲ್ಲ."

"ಹಾಗಾದ್ರೆ ಒಳದಾರಿ ಹಿಡಿದಿದ್ದಾನೆ. ಹೇಳ್ತಾ ಬಾ ನೀನು. ದಾರಿ ಹೇಳ್ತಾ ಬಾ."

"ಮೆಟ್ಟಿಲು," ಎಂದಳು. ಚೌಕದಲ್ಲಿ ಕೂಗಿದ ಗಂಟಲು ಉರಿಯುತ್ತಿತ್ತು. "ಇನ್ನೊಂದು. ಎಡಕ್ಕೆ ಬಾ. ನೀರು."

"ಭಾರ ಇದ್ದಾನೆ ಬಡ್ಡೀಮಗ. ಬಡಕಲು ಅಂದ್ಕೊಂಡಿದ್ದೆ."

"ಕಲ್ಲು. ಮೆಟ್ಟಿಲು."

ಹೆಗಲ ಮೂಳೆಯ ಮೇಲೆ ಮರದ ಅಂಚು ಕೂತು ಅವಳ ಕಣ್ಣು ಕತ್ತಲಿಡುತ್ತಿತ್ತು. ತಿರುವು ಮುಗಿದದ್ದೇ ಗೇಟು ಕಂಡಿತು. ಗೇಟಿನ ಪಕ್ಕದ ಗೋಡೆಗೆ ಒರಗಿ ದಫೇದಾರ ನಿಂತಿದ್ದ. ಕ್ಯಾಮೆರಾ ಆಗಲೇ ಕಣ್ಣಿಗೇರಿತ್ತು. ಅವನಿಗೂ ಅವರಿಗೂ ನಡುವೆ, ತೆಯೊದೋರೋನ ಸಾಲಿಗೆ ಸರಿಯಾಗಿ, ಕುಸಿದ ಚಪ್ಪಡಿಗಳ ನಡುವಿನ ಆ ಬಾಯಿ. ತಳದಲ್ಲಿ ಮಂಜುಗಡ್ಡೆ ಹೊಳೆಯುತ್ತಿತ್ತು.

ಗುಂಡಿ ಎನ್ನಬೇಕು. ಎರ್ಸೀಲಿಯಾ ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಎರಡೂ ದನಿಗಳನ್ನು ಅವಳು ಕೆಳಗೇ ಖರ್ಚು ಮಾಡಿಬಂದಿದ್ದಳು. ನಿಲ್ಲೋಣವೆಂದರೆ ಹಿಂದಿನ ಆಳುಗಳು ಏರಿನಲ್ಲಿ ತಳ್ಳುತ್ತಿದ್ದರು.

ತೆಯೊದೋರೋ ಒಂದು ಹೆಜ್ಜೆ ಇಟ್ಟ. ಅವಳ ಮಾತಿಗೆ ಕಾದ. ಬರಲಿಲ್ಲ. ಇನ್ನೊಂದು ಹೆಜ್ಜೆಗೆ ಕಾಲೆತ್ತಿದವನು ಅದನ್ನು ಗಾಳಿಯಲ್ಲೇ ಹಿಡಿದ. ಕೋಲು ನೆಲ ಮುಟ್ಟದೆ ನಿಂತಿತು. ಕರಿಕನ್ನಡಕ ಆಕಾಶದಿಂದ ಇಳಿದು, ಗುಂಡಿಯ ಕಡೆ ತಿರುಗಿ, ಅಲ್ಲಿಂದ ಎದ್ದು, ಗೋಡೆಯ ಪಕ್ಕದ ಮನುಷ್ಯನನ್ನು ನೆಟ್ಟಗೆ ಒಂದು ಗಳಿಗೆ ನೋಡಿತು.

ಆಮೇಲೆ ಅವನು ಉದ್ದಕ್ಕೆ ಕಾಲು ಚಾಚಿ, ಗುಂಡಿ ದಾಟಿ, ಆಚೆಯ ಗಟ್ಟಿಕಲ್ಲಿನ ಮೇಲೆ ಊರಿದ. ಪೆಟ್ಟಿಗೆ ಕೂದಲೆಳೆಯಷ್ಟೂ ವಾಲಲಿಲ್ಲ.

ಕ್ಯಾಮೆರಾ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು.

ತೆಯೊದೋರೋ ಕೋಲನ್ನು ಮತ್ತೆ ನೆಲಕ್ಕೆ ಊರಲಿಲ್ಲ. ಅದನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಿಂದ ಪೆಟ್ಟಿಗೆ ಹಿಡಿದು ಗೇಟಿನ ಕಡೆ ನಡೆದ.